ಅದು ಬರೀ ಸೆಖೆಯಲ್ಲ, ಟೀಚರ್

ಪ್ರಶ್ನೆ: ನನಗೆ 52 ವರ್ಷ. ಮಂಗಳೂರಿನಲ್ಲಿ ಶಾಲಾ ಶಿಕ್ಷಕಿ. ಮುಟ್ಟು ನಿಂತು ಎರಡು ವರ್ಷವಾಯಿತು. ದಿನಕ್ಕೆ ಏಳೆಂಟು ಸಲ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರು ಸುರಿಯುತ್ತದೆ. ರಾತ್ರಿ ಎರಡು ಸಲ ನೈಟಿ ಬದಲಿಸುತ್ತೇನೆ, ತಲೆದಿಂಬಿನ ಮೇಲೆ ಬೈರಾಸ ಹಾಸಿಕೊಳ್ಳುತ್ತೇನೆ. ಫ್ಯಾನ್ ಜೋರು ಮಾಡಿದರೆ ಇವರಿಗೆ ಚಳಿ, ಈಗ ಹಾಲ್‌ನಲ್ಲಿ ಮಲಗುತ್ತಾರೆ. ಹೇಳಿಕೊಂಡರೆ "ಮಂಗಳೂರಲ್ಲಿ ಯಾರಿಗೆ ಸೆಖೆ ಇಲ್ಲ ಮಾರಾಯ್ತಿ?" ಅನ್ನುತ್ತಾರೆ. ಮೂರು ತಿಂಗಳು ಕಳೆದರೆ, ಮೇಯಲ್ಲಿ ಮಗಳ ಮದುವೆ. ಅಷ್ಟು ಜನರೆದುರು ಧಾರೆ ಎರೆಯುವುದು ಹೇಗೆ ಅಂತ ಈಗಲೇ ಹೆದರಿಕೆ. ಡಾಕ್ಟರ್ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಬಹುದು ಅಂದರು. ಕ್ಯಾನ್ಸರ್ ಬರುತ್ತದೆ, ಬೇಡ ಅಂತ ಅಕ್ಕ ಹೇಳುತ್ತಾಳೆ. ಏನು ಮಾಡಲಿ?

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ನನಗೆ ತುಂಬಾ ಬೇಜಾರು ತಂದದ್ದು "ಯಾರಿಗೆ ಸೆಖೆ ಇಲ್ಲ" ಎಂಬ ಮಾತು. ಎಲ್ಲರೂ ಬೆವರುವ ಊರಿನಲ್ಲಿ ಒಬ್ಬಳ ಬೆವರು ಬೇರೆ ಅಂದರೆ ಯಾರು ನಂಬುತ್ತಾರೆ, ಅಲ್ವಾ? ಆದರೆ ಅದು ಬೇರೆಯೇ. ಸೆಖೆ ಹೊರಗಿನದು, ಗಾಳಿಗೆ ಕೂತರೆ ತಗ್ಗುತ್ತದೆ. ಇದು ಒಳಗಿನಿಂದ ಏಳುತ್ತದೆ. ಎದೆಯಲ್ಲಿ ಶುರುವಾಗಿ ಕುತ್ತಿಗೆಗೆ, ಮುಖಕ್ಕೆ ಏರುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೆಲವು ನಿಮಿಷಕ್ಕೆ ಇಳಿದು, ಆಮೇಲೆ ಚಳಿ ಹಿಡಿಯುತ್ತದೆ.

ಮೈಯ ಬಿಸಿಯನ್ನು ಹದದಲ್ಲಿಡಲು ಮೆದುಳಿನಲ್ಲಿ ಹೈಪೊಥಲಾಮಸ್ ಎಂಬ ಜಾಗವಿದೆ. ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಕಡಿಮೆಯಾದಾಗ ಅದಕ್ಕೆ ಸಹನೆ ಕಡಿಮೆಯಾಗುತ್ತದೆ. ಬಿಸಿ ಒಂಚೂರು ಏರಿದರೂ ಸಾಕು, ಚರ್ಮಕ್ಕೆ ರಕ್ತ ನುಗ್ಗಿಸಿ ಬೆವರು ಬಿಡಿಸುತ್ತದೆ. ಒಣ ಹವೆಯ ಊರಲ್ಲಿ ಆ ಬೆವರು ಬೇಗ ಆರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುತ್ತದೆ. ಹಾಗಾಗಿ ಬೆವರು ಆರದೆ ರವಿಕೆಗೆ ಅಂಟಿಕೊಂಡೇ ಇರುತ್ತದೆ. ನಿಮ್ಮ ಕಷ್ಟ ಇಲ್ಲಿ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಇದು ಸರಾಸರಿ ಏಳು ವರ್ಷ ಕಾಡಬಹುದು. ಅಷ್ಟು ವರ್ಷ ಸುಮ್ನೆ ಸಹಿಸಿಕೊಂಡಿರಿ ಅಂತ ನಾನಂತೂ ಹೇಳಲಾರೆ.

ಈಗ ಅಕ್ಕನ ಭಯದ ವಿಷಯ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಸುದ್ದಿ ಬಂದಾಗ ಜಗತ್ತಿನ ಎಷ್ಟೋ ಹೆಂಗಸರು ಹಾರ್ಮೋನ್ ಮಾತ್ರೆ ಬಿಟ್ಟರು. ಎರಡು ಹಾರ್ಮೋನ್ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಜನರಿಗೆ ಸುಮಾರು 8 ಸ್ತನ ಕ್ಯಾನ್ಸರ್ ಪ್ರಕರಣ ಜಾಸ್ತಿ ಕಂಡವು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ನಿಮ್ಮ ಹಾಗೆ 60ರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡುವವರಲ್ಲಿ ಹೆಚ್ಚಿನವರಿಗೆ ಲಾಭವೇ ಹೆಚ್ಚು ಅಂತ ಈಗಿನ ವೈದ್ಯರ ಅಭಿಪ್ರಾಯ. ಸ್ತನ ಕ್ಯಾನ್ಸರ್ ಆಗಿದ್ದರೆ, ರಕ್ತ ಹೆಪ್ಪುಗಟ್ಟಿದ್ದರೆ, ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದರೆ, ಲಿವರ್ ತೊಂದರೆ ಇದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕೇ ಬೇಕು. ಚರ್ಮಕ್ಕೆ ಹಚ್ಚುವ ಜೆಲ್ಲೂ ಇದೆ, ಅದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಹಾರ್ಮೋನ್ ಬೇಡವೇ ಬೇಡ ಅನ್ನಿಸಿದರೆ ವೆನ್ಲಾಫಾಕ್ಸಿನ್, ಗ್ಯಾಬಾಪೆಂಟಿನ್ ತರಹದ ಮಾತ್ರೆಗಳಿವೆ. ಅವುಗಳನ್ನೂ ಡಾಕ್ಟರೇ ಬರೆದುಕೊಡಬೇಕು. ಮೆಡಿಕಲ್‌ನಲ್ಲಿ ಕೇಳಿ ತರುವುದಂತೂ ಬೇಡ.

ಮದುವೆಗೆ ಮೂರು ತಿಂಗಳಿದೆಯಲ್ಲ, ಒಳ್ಳೆಯದೇ ಆಯಿತು. ಹಾರ್ಮೋನ್‌ನ ಪೂರ್ತಿ ಗುಣ ಕಾಣಲು ಕೆಲವು ವಾರ ಬೇಕು, ಹಾಗಾಗಿ ಈ ವಾರವೇ ಹೋಗಿ. ಥೈರಾಯ್ಡ್ ಮತ್ತು ಸಕ್ಕರೆ ಒಮ್ಮೆ ನೋಡಿಸಿ, ಅವುಗಳಿಂದಲೂ ಬೆವರು ಬರಬಹುದು. ಜ್ವರ, ಕೆಮ್ಮು ಇದ್ದರೆ, ತೂಕ ಇಳಿಯುತ್ತಿದ್ದರೆ, ನಿಂತ ಮುಟ್ಟು ಮತ್ತೆ ಬಂದಂತೆ ರಕ್ತ ಕಂಡರೆ ಮುಚ್ಚಿಡದೆ ಹೇಳಿ.

ಬೊಂಡ, ಪುನರ್ಪುಳಿ ಶರಬತ್ತು, ಮಜ್ಜಿಗೆ ಕುಡಿಯಿರಿ. ಬೆವರಿ ಹೋದ ನೀರು ತುಂಬುತ್ತದೆ. ಆದರೆ "ಉಷ್ಣ ಇಳಿಯಲಿ" ಅಂತ ಅದನ್ನೇ ಔಷಧ ಅಂದುಕೊಳ್ಳಬೇಡಿ, ಬಿಸಿ ಏಳುವುದು ಅದರಿಂದ ನಿಲ್ಲದು. ಒಂದು ಪುಸ್ತಕದಲ್ಲಿ ಎರಡು ವಾರ ಯಾವ ಹೊತ್ತಿಗೆ ಬಂತು, ಅದಕ್ಕೆ ಮೊದಲು ಏನಿತ್ತು ಅಂತ ಬರೆದಿಡಿ. ಬಿಸಿ ಕಾಫಿಯೋ, ಖಾರದ ಗಸಿಯೋ, ತರಗತಿಯ ಗದ್ದಲವೋ, ಯಾವುದು ಕಾರಣ ಅಂತ ನಿಮಗೇ ತಿಳಿಯುತ್ತದೆ.

ಧಾರೆಯ ಹೊತ್ತಿಗೆ ಮಾತ್ರ ರೇಷ್ಮೆ ಉಡಿ, ಉಳಿದ ಹೊತ್ತು ಉಡುಪಿಯ ಕೈಮಗ್ಗದ ಹತ್ತಿ ಸೀರೆ ಸಾಕು. ರವಿಕೆಗೆ ಹತ್ತಿಯ ಲೈನಿಂಗ್ ಹಾಕಲು ಟೈಲರಿಗೆ ಈಗಲೇ ಹೇಳಿ. ಮಂಟಪದ ಬದಿಗೆ ಪೆಡೆಸ್ಟಲ್ ಫ್ಯಾನ್ ಇಡಿಸಿ. ವಿಡಿಯೋದವರ ಲೈಟ್ ನಿಮ್ಮ ಮುಖಕ್ಕೆ ಬೀಳದಂತೆ ನೋಡಿಕೊಳ್ಳಲು ಮಗಳಿಗೇ ಹೇಳಿ. ಹೌದು, ಅವಳಿಗೂ ಹೇಳಿ. ನಾಳೆ ಅವಳಿಗೂ ಈ ವಯಸ್ಸು ಬರುತ್ತದೆ.

ಇನ್ನು ಯಜಮಾನರ ವಿಷಯ. ಅವರು ಕೆಟ್ಟವರಲ್ಲ, ಅವರಿಗೆ ಗೊತ್ತಿಲ್ಲ ಅಷ್ಟೇ. ಮುಂದಿನ ಸಲ ಬಿಸಿ ಏಳುವಾಗ ಪಕ್ಕಕ್ಕೆ ಕರೆದು ಅವರ ಕೈಯನ್ನು ನಿಮ್ಮ ಕುತ್ತಿಗೆಯ ಹಿಂದೆ ಇಡಿಸಿ. ಹತ್ತು ನಿಮಿಷ ಬಿಟ್ಟು ಅದೇ ಜಾಗದಲ್ಲಿ ಇನ್ನೊಮ್ಮೆ ಇಡಿಸಿ. ಮೊದಲು ಬೆಂದ ಹಾಗಿದ್ದ ಕುತ್ತಿಗೆ ಆಗ ತಣ್ಣಗೆ, ಒದ್ದೆಯಾಗಿರುತ್ತದೆ. ಆಮೇಲೆ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.