ವಿಶ್ವವಿದ್ಯಾಲಯದ ಮೊದಲ ವರ್ಷದ ಜೀವಶಾಸ್ತ್ರವನ್ನು ಎಲ್ಲಿಂದ ಆರಂಭಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಶಾಲೆಯಲ್ಲಿ ಜೀವಶಾಸ್ತ್ರಕ್ಕೆ ಒಳ್ಳೆಯ ಅಂಕಗಳು ಬರುತ್ತಿದ್ದವು, ಈಗ ವಿಶ್ವವಿದ್ಯಾಲಯದ ಮೊದಲ ವರ್ಷಕ್ಕೆ ಸೇರಿದ್ದೀರಿ, ಸಾವಿರ ಪುಟ ದಾಟಿದ ಪಠ್ಯಪುಸ್ತಕವನ್ನು ಕಂಡು ಕೈಕಾಲು ಆಡದಂತಾಗಿದೆ, ರಸಾಯನಶಾಸ್ತ್ರವಂತೂ ಮೊದಲಿನಿಂದಲೂ ಒಗ್ಗಿಲ್ಲ. ತರಗತಿಗಳು ಶುರುವಾಗುವುದಕ್ಕೆ ಮುಂಚಿನ ಕೆಲವು ವಾರಗಳಲ್ಲಿ ಪಾರಿಭಾಷಿಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಅನುಕೂಲವಾದೀತೇ ಎಂದು ಕೇಳಿದ್ದೀರಿ.

ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಹಾಗೆ ಮಾಡಿ ಮೊದಲ ಕಿರುಪರೀಕ್ಷೆಯಲ್ಲೇ ಮುಗ್ಗರಿಸಿದವನು ನಾನು. ಜೀವಕೋಶದ ಒಳಗಿನ ಪ್ರತಿಯೊಂದು ಭಾಗದ ಹೆಸರೂ ಕೆಲಸವೂ ನನ್ನ ನಾಲಗೆಯ ತುದಿಯಲ್ಲಿದ್ದವು. ಪ್ರಶ್ನೆಪತ್ರಿಕೆಯಲ್ಲಿ ಮಾತ್ರ, ಮೈಟೊಕಾಂಡ್ರಿಯದ ಒಳಪೊರೆಯ ಮೂಲಕ ಪ್ರೋಟಾನುಗಳು ಸೋರುವಂತೆ ಮಾಡಿದರೆ ಜೀವಕೋಶ ಶಕ್ತಿಗಾಗಿ ಬಳಸುವ ಎಟಿಪಿ ಅಣುವಿನ ತಯಾರಿಕೆಗೂ ಆಮ್ಲಜನಕದ ಬಳಕೆಗೂ ಏನಾಗುತ್ತದೆ ಎಂದು ಕೇಳಿದ್ದರು. ‘ಮೈಟೊಕಾಂಡ್ರಿಯವು ಜೀವಕೋಶದ ಶಕ್ತಿಕೇಂದ್ರ’ ಎಂಬ ನನ್ನ ವಾಕ್ಯ ಆ ಪ್ರಶ್ನೆಯ ಹತ್ತಿರಕ್ಕೂ ಸುಳಿಯಲಿಲ್ಲ. ಎಟಿಪಿ ಕುಸಿಯುತ್ತದೆ, ಆಮ್ಲಜನಕದ ಬಳಕೆ ಇಳಿಯುವ ಬದಲು ಏರುತ್ತದೆ, ಶಕ್ತಿ ಶಾಖವಾಗಿ ಹೋಗುತ್ತದೆ ಎಂಬುದು ಸರಿಯುತ್ತರ. ಶಾಲೆಯ ಪ್ರಶ್ನೆಗಳು ಹೆಚ್ಚಾಗಿ ‘ಇದು ಏನು’ ಎಂದು ಕೇಳುತ್ತವೆ. ಇಲ್ಲಿನವು ‘ಇದು ಕೆಟ್ಟರೆ ಏನಾಗುತ್ತದೆ, ಏಕೆ’ ಎಂದು ಕೇಳುತ್ತವೆ. ಆದ್ದರಿಂದ ನೀವು ಈಗ ಮಾಡಿಕೊಳ್ಳಬೇಕಾದ ಸಿದ್ಧತೆಯೆಂದರೆ ಕಾರಣಗಳ ಸರಪಳಿಯನ್ನು ಕೊಂಡಿ ತಪ್ಪದೆ ಹೇಳುವ ಅಭ್ಯಾಸ.

ನಿಮಗೆ ಈಗಾಗಲೇ ಗೊತ್ತಿರುವ ಬಟಾಣಿಯನ್ನೇ ತೆಗೆದುಕೊಳ್ಳೋಣ. ಮೆಂಡೆಲ್‌ 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಎರಡನೆಯ ಪೀಳಿಗೆಯ ಬೀಜಗಳಲ್ಲಿ ಗುಂಡಗಿದ್ದವು 5,474, ಸುಕ್ಕುಗಟ್ಟಿದ್ದವು 1,850 ಎಂಬ ಲೆಕ್ಕವಿದೆ. ಭಾಗಿಸಿ ನೋಡಿದರೆ 2.96ಕ್ಕೆ 1. ಶಾಲೆಯಲ್ಲಿ ನಾವು 3:1 ಎಂದು ಬರೆದು, ಗುಂಡು ಪ್ರಬಲ ಗುಣ ಎಂದು ಸೇರಿಸಿ, ಪುಟ ತಿರುವಿಬಿಟ್ಟೆವು. ಬೀಜ ಸುಕ್ಕಾದದ್ದಾದರೂ ಏಕೆ ಎಂದು ಯಾರೂ ಕೇಳಲಿಲ್ಲ. ಅದರ ಉತ್ತರ ಅಣುಮಟ್ಟದಲ್ಲಿ ಸಿಕ್ಕಿದ್ದು 1990ರಲ್ಲಿ: ಪಿಷ್ಟದ ಸರಪಳಿಗೆ ಕವಲುಗಳನ್ನು ಜೋಡಿಸುವ ಕಿಣ್ವವೊಂದರ ಜೀನಿನೊಳಗೆ ಸುಮಾರು 800 ಬೇಸ್‌ ಜೋಡಿಗಳಷ್ಟು ಉದ್ದದ ಡಿಎನ್‌ಎ ತುಂಡೊಂದು ನುಗ್ಗಿ ಕುಳಿತು ಆ ಜೀನನ್ನು ಕೆಡಿಸಿದೆ. ಕಿಣ್ವ ಇಲ್ಲವಾದ್ದರಿಂದ ಸಕ್ಕರೆಯ ಒಂದಷ್ಟು ಭಾಗ ಪಿಷ್ಟವಾಗದೆ ಹಾಗೇ ಉಳಿಯುತ್ತದೆ. ಸಕ್ಕರೆ ಹೆಚ್ಚಿದ ಎಳೆಯ ಬೀಜ, ಪೊರೆಯ ಮೂಲಕ ಸಕ್ಕರೆ ಹೆಚ್ಚಿರುವ ಕಡೆಗೆ ನೀರು ಹರಿಯುವ ಆಸ್ಮಾಸಿಸ್‌ನಿಂದಾಗಿ ಹೆಚ್ಚು ನೀರನ್ನು ಎಳೆದುಕೊಂಡು ಊದಿಕೊಳ್ಳುತ್ತದೆ. ಬಲಿತು ಒಣಗುವಾಗ ಆ ನೀರು ಹೋದ ಮೇಲೆ, ಹಿಗ್ಗಿದ್ದ ಸಿಪ್ಪೆ ನೆರಿಗೆಗಟ್ಟುತ್ತದೆ. ಜೀನಿನ ಒಂದು ಪ್ರತಿ ಸರಿಯಿದ್ದರೂ ಬೇಕಾದಷ್ಟು ಕಿಣ್ವ ತಯಾರಾಗುವುದರಿಂದ ಮಿಶ್ರತಳಿಯ ಬೀಜ ಗುಂಡಗೇ ಇರುತ್ತದೆ. ‘ಪ್ರಬಲ’ ಎಂಬ ಪದದ ಹಿಂದೆ ಇಲ್ಲಿ ಇರುವುದು ಇಷ್ಟೇ. ಒಂದು ಜೀನ್‌ ಇನ್ನೊಂದನ್ನು ತುಳಿದು ಹಾಕುತ್ತದೆಂದು ನಾನು ಬಹುಕಾಲ ನಂಬಿದ್ದು ಶುದ್ಧ ತಪ್ಪುಕಲ್ಪನೆ.

ಈ ಒಂದು ಬೀಜದ ಕಥೆಯನ್ನು ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲೇ ಬರೆಯಲು ಪ್ರಯತ್ನಿಸಿ. ಎಲ್ಲಿ ಪೆನ್ನು ನಿಲ್ಲುತ್ತದೆಯೋ ಅಲ್ಲಿಂದ ನಿಮ್ಮ ಓದು ಆರಂಭವಾಗಬೇಕು. ಸಕ್ಕರೆ ಹೆಚ್ಚಾದರೆ ನೀರು ಏಕೆ ಒಳಬರಬೇಕು ಎಂಬಲ್ಲಿ ನಿಂತರೆ ಕೋಶಪೊರೆಯ ಅಧ್ಯಾಯ, ಜೀನ್‌ ಕೆಟ್ಟರೆ ಕಿಣ್ವ ಏಕೆ ಕೆಡಬೇಕು ಎಂಬಲ್ಲಿ ನಿಂತರೆ ಪ್ರೋಟೀನ್‌ ತಯಾರಿಕೆಯ ಅಧ್ಯಾಯ. ಹೀಗೆ ಓದುವವನಿಗೆ ಸಾವಿರ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವ ಪ್ರಮೇಯವೇ ಬರುವುದಿಲ್ಲ.

ರಸಾಯನಶಾಸ್ತ್ರದ ಬಗ್ಗೆ ನಿಮ್ಮ ಭಯ ಅಗತ್ಯಕ್ಕಿಂತ ದೊಡ್ಡದು. ನೀರಿನ ಅಣುವಿನ ಧ್ರುವೀಯತೆ, ಹೈಡ್ರೋಜನ್‌ ಬಂಧ, ನೀರಿಗೆ ಒಲಿಯುವ ಮತ್ತು ಒಲಿಯದ ಅಣುಗಳ ವ್ಯತ್ಯಾಸ, ಮೋಲ್‌ ಲೆಕ್ಕ, ಪಿಎಚ್‌: ಮೊದಲ ತಿಂಗಳಿಗೆ ಇಷ್ಟು ಸಾಕು. ಪಿಎಚ್‌ 7ರಿಂದ 6ಕ್ಕೆ ಇಳಿಯಿತೆಂದರೆ ಹೈಡ್ರೋಜನ್‌ ಅಯಾನುಗಳ ಸಾಂದ್ರತೆ ಹತ್ತು ಪಟ್ಟಾಯಿತೆಂದು ತಟ್ಟನೆ ಹೊಳೆಯುವಷ್ಟು ಅಭ್ಯಾಸವಾದರೆ, ರಕ್ತದ ಪಿಎಚ್‌ 7.35ರಿಂದ 7.45ರ ಇಕ್ಕಟ್ಟಿನಲ್ಲೇ ಇರಬೇಕೆಂಬ ಮಾತಿನ ಗಾಂಭೀರ್ಯ ತಾನಾಗಿ ತಿಳಿಯುತ್ತದೆ. ಇಪ್ಪತ್ತು ಅಮೈನೊ ಆಮ್ಲಗಳ ರಚನೆಯನ್ನು ಈಗಲೇ ಗಟ್ಟಿ ಮಾಡುವ ಸಾಹಸ ಬೇಡ. ಯಾವುದಕ್ಕೆ ವಿದ್ಯುದಾವೇಶವಿದೆ, ಯಾವುದು ನೀರನ್ನು ದೂರವಿಡುತ್ತದೆ ಎಂಬ ವಿಂಗಡಣೆ ಸಾಕು.

ಇನ್ನು, ಮೊದಲ ವರ್ಷದವರು ಅತಿ ಹೆಚ್ಚು ಎಡವುವ ಜಾಗ, ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯಾದ ಮಿಯಾಸಿಸ್‌. ನಾನು ಮುಂದೆ ಕಿರಿಯರಿಗೆ ಪ್ರಯೋಗಾಲಯದಲ್ಲಿ ನೆರವಾಗುತ್ತಿದ್ದಾಗ, ಹಂತಗಳ ಹೆಸರನ್ನು ಗಿಣಿಯಂತೆ ಒಪ್ಪಿಸುತ್ತಿದ್ದವರೂ ‘ಮೊದಲ ವಿಭಜನೆಯಲ್ಲಿ ಬೇರೆಯಾಗುವುದು ಯಾವುದು’ ಎಂದು ಕೇಳಿದರೆ ತಡವರಿಸುತ್ತಿದ್ದರು. ಇದಕ್ಕೆ ನನಗೆ ತಿಳಿದ ಔಷಧ ದಾರಗಳು. ಕೆಂಪು ದಾರದ ಒಂದು ಉದ್ದ ತುಂಡು, ಒಂದು ಗಿಡ್ಡ ತುಂಡು. ನೀಲಿಯಲ್ಲೂ ಹಾಗೆಯೇ ಎರಡು. ಕೆಂಪು ತಾಯಿಯಿಂದ ಬಂದದ್ದು, ನೀಲಿ ತಂದೆಯಿಂದ ಬಂದದ್ದು ಎಂದುಕೊಳ್ಳಿ. ಒಟ್ಟು ನಾಲ್ಕು ವರ್ಣತಂತುಗಳು. ಈಗ ಪ್ರತಿಯೊಂದರ ಪಕ್ಕಕ್ಕೂ ಅದೇ ಬಣ್ಣದ, ಅದೇ ಉದ್ದದ ಇನ್ನೊಂದು ತುಂಡನ್ನಿಟ್ಟು ನಡುವೆ ಗಂಟು ಹಾಕಿ. ಡಿಎನ್‌ಎ ಇಮ್ಮಡಿಯಾಯಿತು, ಆದರೆ ಗಂಟುಗಳನ್ನು ಎಣಿಸಿ: ವರ್ಣತಂತುಗಳು ಇನ್ನೂ ನಾಲ್ಕೇ. ಮೊದಲ ವಿಭಜನೆಯಲ್ಲಿ ಉದ್ದದ ಕೆಂಪು ಉದ್ದದ ನೀಲಿಯಿಂದ ದೂರ ಸರಿಯುತ್ತದೆ, ಗಂಟು ಬಿಚ್ಚುವುದಿಲ್ಲ. ಗಂಟು ಬಿಚ್ಚುವುದು ಎರಡನೆಯ ವಿಭಜನೆಯಲ್ಲಿ.

ಇದನ್ನು ಮೇಜಿನ ಮೇಲೆ ಮೂರು ಬಾರಿ ಮಾಡಿದ ಮೇಲೆ, ಉದ್ದದ ಕೆಂಪಿನ ಜೊತೆಗೆ ಗಿಡ್ಡದ ಕೆಂಪೇ ಹೋಗಬೇಕೆಂದೇನೂ ಇಲ್ಲ, ನೀಲಿಯೂ ಹೋಗಬಹುದು ಎಂಬುದು ನಿಮ್ಮ ಕಣ್ಣಿಗೇ ಬೀಳುತ್ತದೆ. ಎರಡು ಜೋಡಿಗಳಿಂದ ನಾಲ್ಕು ಬಗೆಯ ಸಂಯೋಜನೆಗಳು. ಮನುಷ್ಯನ 23 ಜೋಡಿಗಳಿಗೆ ಎರಡನ್ನು 23 ಬಾರಿ ಗುಣಿಸಿದರೆ 83,88,608. ದಾರಗಳ ತುಂಡುಗಳು ಅದಲುಬದಲಾಗುವುದನ್ನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಹಂತಗಳ ಹೆಸರುಗಳನ್ನು ಈ ಆಟದ ನಂತರ ಹಚ್ಚಿಕೊಳ್ಳಿ. ಆಗ ಅವು ಬಿಟ್ಟುಹೋಗುವುದಿಲ್ಲ.

ಪ್ರಯೋಗಾಲಯದ ಬಗ್ಗೆ ನೀವು ಏನೂ ಕೇಳಿಲ್ಲ, ಆದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸೂಕ್ಷ್ಮದರ್ಶಕದಲ್ಲಿ ನಾನು ಬರೆದ ಮೊದಲ ಚಿತ್ರ ಅಚ್ಚುಕಟ್ಟಾದ ವೃತ್ತ, ಸುತ್ತ ದಪ್ಪನೆಯ ಕಪ್ಪು ಅಂಚು. ಅಂಚಿಗೆ ‘ಕೋಶಭಿತ್ತಿ’ ಎಂದು ಬಾಣ ಹಾಕಿ ಹೆಮ್ಮೆಯಿಂದ ತೋರಿಸಿದೆ. ಅದು ಗಾಳಿಗುಳ್ಳೆ. ಕಣ್ಣಿಗೆ ಕಂಡದ್ದರ ಮೇಲೆ ಪುಸ್ತಕದಲ್ಲಿ ಓದಿದ್ದನ್ನು ಹೊದಿಸಿ ಬರೆಯುವ ಈ ಚಾಳಿ ಬಹಳ ಮಂದಿಗಿದೆ. ಇದನ್ನು ಬಿಡಿಸುವುದು ಅಳತೆ. ನಿಮ್ಮ ಕಣ್ಣುಮಸೂರದ ಮೇಲೆ 18 ಎಂಬ ಕ್ಷೇತ್ರಸಂಖ್ಯೆ ಇದೆ, ವಸ್ತುಮಸೂರ 10 ಪಟ್ಟಿನದು ಎಂದುಕೊಳ್ಳಿ. ಕಾಣುವ ವೃತ್ತದ ಅಡ್ಡಳತೆ 18 ಭಾಗಿಸು 10, ಅಂದರೆ 1.8 ಮಿಲಿಮೀಟರ್‌. ಈರುಳ್ಳಿ ಸಿಪ್ಪೆಯ ಜೀವಕೋಶಗಳು ಉದ್ದುದ್ದಕ್ಕೆ ಆರು ಹಿಡಿದರೆ, ಒಂದರ ಉದ್ದ 0.3 ಮಿಲಿಮೀಟರ್‌, ಎಂದರೆ 300 ಮೈಕ್ರೊಮೀಟರ್‌. ಈ ಸಂಖ್ಯೆಯ ಪಕ್ಕದಲ್ಲಿ ಪ್ರಾಣಿಗಳ ಸಾಮಾನ್ಯ ಜೀವಕೋಶಕ್ಕೆ 10ರಿಂದ 30 ಮೈಕ್ರೊಮೀಟರ್‌, ಇ. ಕೋಲಿ ಬ್ಯಾಕ್ಟೀರಿಯಕ್ಕೆ ಸುಮಾರು 2 ಮೈಕ್ರೊಮೀಟರ್‌, ಡಿಎನ್‌ಎ ಎಳೆಯ ದಪ್ಪಕ್ಕೆ 2 ನ್ಯಾನೊಮೀಟರ್‌ ಎಂದು ಬರೆದಿಟ್ಟುಕೊಂಡರೆ, ಪುಸ್ತಕದ ಚಿತ್ರಗಳಲ್ಲಿ ಎಲ್ಲವನ್ನೂ ಒಂದೇ ಗಾತ್ರಕ್ಕೆ ಹಿಗ್ಗಿಸಿ ತೋರಿಸಿರುವುದು ನಿಮ್ಮನ್ನು ಮೋಸಗೊಳಿಸುವುದಿಲ್ಲ. ಅಂದಹಾಗೆ, 40 ಪಟ್ಟಿನ ಮಸೂರಕ್ಕೆ ಹೋದ ಮೇಲೆ ಫೋಕಸ್ ಮಾಡುವ ದಪ್ಪ ತಿರುಪನ್ನು ಮುಟ್ಟಬೇಡಿ. ಗಾಜು ಒಡೆಯುವ ಸದ್ದು ಇಡೀ ಕೊಠಡಿಗೆ ಕೇಳಿಸುತ್ತದೆ.

ಪದಗಳ ವಿಷಯಕ್ಕೆ ಮರಳಿದರೆ, ಅವುಗಳನ್ನು ಕಲಿಯಲೇಬಾರದೆಂದು ನಾನು ಹೇಳುತ್ತಿಲ್ಲ. ಬಹುಪಾಲು ಪದಗಳು ಗ್ರೀಕ್‌ ಮತ್ತು ಲ್ಯಾಟಿನ್‌ ಮೂಲದ ತುಂಡುಗಳಿಂದ ಕಟ್ಟಿದವು. ‘ಹೈಪರ್‌’ ಎಂದರೆ ಹೆಚ್ಚು, ‘ಹೈಪೊ’ ಎಂದರೆ ಕಡಿಮೆ, ‘ಲೈಸಿಸ್‌’ ಎಂದರೆ ಬಿಡಿಸುವುದು ಅಥವಾ ಒಡೆಯುವುದು, ‘ಗ್ಲೈಕೊ’ ಎಂದರೆ ಸಿಹಿಗೆ ಸಂಬಂಧಿಸಿದ್ದು; ಗ್ಲೈಕಾಲಿಸಿಸ್‌ ಎಂಬ ಪದ ಬಂದಾಗ ಅದು ತನ್ನ ಅರ್ಥವನ್ನು ತಾನೇ ಹೇಳಿಕೊಳ್ಳುತ್ತದೆ. ಇಂತಹ ನಲವತ್ತು ಐವತ್ತು ತುಂಡುಗಳನ್ನು ದಿನಕ್ಕೆ ನಾಲ್ಕೈದರಂತೆ ಕಲಿಯಿರಿ, ಎರಡು ದಿನ ಬಿಟ್ಟು ಪುಸ್ತಕ ನೋಡದೆ ನೆನಪಿಸಿಕೊಳ್ಳಿ. ಬಣ್ಣದ ಪೆನ್ನಿನಿಂದ ಸಾಲುಗಳಿಗೆ ಗೆರೆ ಎಳೆಯುವುದನ್ನು ಮಾತ್ರ ನಾನು ಓದು ಎಂದು ಒಪ್ಪಲಾರೆ. ಅದರಿಂದ ಪುಟ ಹಳದಿಯಾಗುತ್ತದೆ, ಅಷ್ಟೇ.

ತರಗತಿಗಳು ಶುರುವಾದ ಮೇಲೆ ಅಧ್ಯಾಪಕರ ಬಳಿಗೆ ಹೋಗಲು ಸಂಕೋಚಪಡಬೇಡಿ, ಆದರೆ ‘ಏನೂ ಅರ್ಥವಾಗಲಿಲ್ಲ’ ಎಂದು ಹೋಗಬೇಡಿ. ನಿಮ್ಮ ಪೆನ್ನು ನಿಂತ ಹಾಳೆಯನ್ನೇ ತೆಗೆದುಕೊಂಡು ಹೋಗಿ, ‘ಇಲ್ಲಿಯವರೆಗೆ ಬಂದೆ, ಈ ಕೊಂಡಿ ಸಿಗುತ್ತಿಲ್ಲ’ ಎಂದು ತೋರಿಸಿ. ಹಾಗೆ ಕೇಳಿದ ಪ್ರಶ್ನೆಗೆ ಐದೇ ನಿಮಿಷದಲ್ಲಿ ಉತ್ತರ ಸಿಕ್ಕಿದ್ದು ನನ್ನ ಅನುಭವದಲ್ಲಿ ಒಂದೆರಡು ಬಾರಿಯಲ್ಲ.