ವಿಂಡೋಸ್ 11 ಹಾಕಿದ ಮೇಲೆ ನಿಂತುಹೋದ ಹಳೇ ಪ್ರಿಂಟರ್: ಗುಜರಿಗೆ ಹಾಕುವ ಮೊದಲು ಇಷ್ಟು ನೋಡಿ

ಸೇಡಂ ಕಡೆಯ ಗೆಳೆಯರು ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಎರಡು ಸಾಲಲ್ಲಿ ಉತ್ತರ ಕೊಡೋಕಾಗಲ್ಲ, ಹಾಗಾಗಿ ಉದ್ದಕ್ಕೇ ಬರೆಯುತ್ತಿದ್ದೇನೆ. ಅವರ ತೊಂದರೆ ಇಷ್ಟು: ತೊಗರಿ ಬೇಳೆ ಪ್ಯಾಕೆಟ್‌ನ ಲೇಬಲ್, ಬಿಲ್ಲು ಎಲ್ಲಾ ಹೊಡೆಯುವುದು ಎಚ್‌ಪಿ ಲೇಸರ್‌ಜೆಟ್ 1020ರಲ್ಲಿ. ಕಲಬುರಗಿಯಲ್ಲಿ ಅಂಗಡಿಗೆ ಕೊಟ್ಟು ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಿಸಿದರು. ಈಗ ಪ್ರಿಂಟರ್ ಹೆಸರು ಕಾಣುತ್ತದೆ, ಆದರೆ ಒಮ್ಮೆ ‘ಡ್ರೈವರ್ ಈಸ್ ಅನ್‌ಅವೈಲಬಲ್’ ಅನ್ನುತ್ತದೆ, ಒಮ್ಮೆ ‘ಆಫ್‌ಲೈನ್’ ಅನ್ನುತ್ತದೆ. ರಾಶಿ ಮುಗಿದು ಬೇಳೆಯೂ ಆಗಿದೆ, ಲೇಬಲ್ ಇಲ್ಲದೆ ಪ್ಯಾಕೆಟ್ ನಿಂತಿವೆ. ಆ ಪ್ರಶ್ನೆಯ ಕೆಳಗೆ ಇಬ್ಬರು ‘ಹಳೇದು ಬಿಸಾಕಿ, ಇಂಕ್ ಟ್ಯಾಂಕ್ ತಗೊಳ್ಳಿ’ ಎಂದು ಹೇಳಿದ್ದಾರೆ.

ಬಿಸಾಕಬೇಡಿ. ನೀವು ಹೇಳಿದ್ದನ್ನು ನೋಡಿದರೆ ಪ್ರಿಂಟರ್ ಕೆಟ್ಟಿಲ್ಲ, ಅದನ್ನು ನಡೆಸುತ್ತಿದ್ದ ಡ್ರೈವರ್ ಎಂಬ ಸಾಫ್ಟ್‌ವೇರ್ ಹೋಗಿರಬೇಕು. 1020 ಮಾರುಕಟ್ಟೆಗೆ ಬಂದಿದ್ದು 2005ರಲ್ಲಿ. ಇಷ್ಟು ವರ್ಷ ಆದರೂ ಅದರ 12ಎ ಕಾರ್ಟ್ರಿಜ್ ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆ ಕಡೆ ಸುಲಭವಾಗಿ ಸಿಗುತ್ತದೆ, ರೀಫಿಲ್ಲೂ ಮಾಡಿಕೊಡುತ್ತಾರೆ. ಕಂಪನಿ ಲೆಕ್ಕದಲ್ಲಿ ಒಂದು ಕಾರ್ಟ್ರಿಜ್‌ಗೆ ಸುಮಾರು 2000 ಪುಟ. ಇನ್ನೊಂದು ಮಾತು, ಲೇಬಲ್ ಕೆಲಸಕ್ಕೆ ಲೇಸರೇ ಒಳ್ಳೇದು. ಟೋನರ್ ಪುಡಿ ಶಾಖಕ್ಕೆ ಕರಗಿ ಕಾಗದಕ್ಕೆ ಅಂಟುತ್ತದೆ, ಒದ್ದೆ ಕೈ ತಾಗಿದರೂ ಹರಡುವುದಿಲ್ಲ. ಲೇಬಲ್ ಹಾಳೆ ಕೊಳ್ಳುವಾಗ ಮಾತ್ರ ‘ಲೇಸರ್’ ಎಂದು ಬರೆದಿದ್ದನ್ನೇ ಕೊಳ್ಳಿ. ಬರೀ ಇಂಕ್‌ಜೆಟ್‌ಗೆಂದು ಮಾಡಿದ ಹಾಳೆ ಹಾಕಿದರೆ ಅಂಟು ಒಳಗೆ ಕರಗಿ ರೋಲರ್‌ಗೆ ಮೆತ್ತಿಕೊಳ್ಳುತ್ತದೆ.

ಮೊದಲು ಅಂಗಡಿಯವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ. ಹಳೇ ವಿಂಡೋಸ್ ಮೇಲೇ ಹೊಸದನ್ನು ಹಾಕಿದ್ರಾ, ಇಲ್ಲ ಫಾರ್ಮ್ಯಾಟ್ ಹೊಡೆದು ಹಾಕಿದ್ರಾ? ಹಳೇ ಪ್ರೋಗ್ರಾಂಗಳು ಹಾಗೇ ಉಳಿದಿದ್ದರೆ ಮೇಲೇ ಹಾಕಿದ್ದಾರೆ. ಆಗ ಡ್ರೈವರ್ ಸಾಮಾನ್ಯವಾಗಿ ಉಳಿದಿರುತ್ತದೆ, ತೊಂದರೆ ಇರುವುದು ಪೋರ್ಟ್‌ನಲ್ಲಿ, ಅಂದರೆ ಕೇಬಲ್ ಚುಚ್ಚಿದ ಜಾಗಕ್ಕೆ ವಿಂಡೋಸ್ ಕೊಟ್ಟ ಹೆಸರಿನಲ್ಲಿ. ಫಾರ್ಮ್ಯಾಟ್ ಆಗಿದ್ದರೆ ಎಲ್ಲವನ್ನೂ ಹೊಸದಾಗಿ ಹಾಕಬೇಕು. ವಿಂಡೋಸ್‌ನಲ್ಲಿ 32 ಬಿಟ್, 64 ಬಿಟ್ ಎಂದು ಎರಡು ಬಗೆ. ನಿಮ್ಮ ಹಳೇದು 32 ಬಿಟ್‌ದಾಗಿದ್ದರೆ ಫಾರ್ಮ್ಯಾಟೇ ಆಗಿರುತ್ತದೆ, ಯಾಕೆಂದರೆ ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. 32 ಬಿಟ್ ಮೇಲೆ ಅದನ್ನು ನೇರವಾಗಿ ಹಾಕೋಕೆ ಬರಲ್ಲ.

ಅರ್ಧ ಜನ ಎಡವುವುದು ಇಲ್ಲೇ. ಪ್ರಿಂಟರ್ ಜೊತೆ ಬಂದ ಹಳೇ ಸಿಡಿ ಜೋಪಾನವಾಗಿ ಇಟ್ಟಿರುತ್ತಾರೆ, ಅದನ್ನೇ ಹಾಕುತ್ತಾರೆ. ಆ ಕಾಲದ ಸಿಡಿಯಲ್ಲಿ ಹೆಚ್ಚಾಗಿ ಇರುವುದು 32 ಬಿಟ್ ಡ್ರೈವರ್. 32 ಬಿಟ್‌ನ ಪ್ರೋಗ್ರಾಂ 64 ಬಿಟ್ ವಿಂಡೋಸ್‌ನಲ್ಲಿ ಓಡುತ್ತದೆ, ಆದರೆ 32 ಬಿಟ್ ಪ್ರಿಂಟರ್ ಡ್ರೈವರ್‌ನಿಂದ ಅಲ್ಲಿ ಪ್ರಿಂಟ್ ಆಗಲ್ಲ. ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ಗೆ ಹೋಗಿ ‘ಸಿಸ್ಟಂ ಟೈಪ್’ ಸಾಲು ಓದಿ. ಎಕ್ಸ್64 ಎಂದಿದ್ದರೆ ಚಿಂತೆ ಇಲ್ಲ. ‘ಎಆರ್‌ಎಂ’ ಎಂದಿದ್ದರೆ ಕಥೆ ಬೇರೆ, ಅದು ಬೇರೆ ಜಾತಿಯ ಪ್ರೊಸೆಸರ್, ಎಕ್ಸ್64 ಡ್ರೈವರ್ ಕೂಡ ಆ ಲ್ಯಾಪ್‌ಟಾಪ್‌ಗೆ ನಡೆಯಲ್ಲ. ಅಂಥವರು ಕೊನೆಯಲ್ಲಿ ಬರೆದಿರುವ ಲಿನಕ್ಸ್ ದಾರಿ ಓದಿ.

ಈಗ 1020ರ ಸ್ವಭಾವ. ಇದು ತಾನಾಗಿ ಪುಟ ಕಟ್ಟುವ ಪ್ರಿಂಟರ್ ಅಲ್ಲ. ಪುಟದ ಚಿತ್ರ ತಯಾರಿಸುವ ಕೆಲಸ ಪೂರ್ತಿ ಕಂಪ್ಯೂಟರ್‌ನದು. ಪ್ರತಿ ಸಲ ಆನ್ ಮಾಡಿದಾಗಲೂ ಅದರ ಫರ್ಮ್‌ವೇರ್ (ಪ್ರಿಂಟರ್ ಒಳಗೆ ಓಡುವ ಸಾಫ್ಟ್‌ವೇರ್) ಕಂಪ್ಯೂಟರ್‌ನಿಂದಲೇ ಇಳಿಯಬೇಕು. ಅದಕ್ಕೇ ಡ್ರೈವರ್ ಸರಿ ಇಲ್ಲದಿದ್ದರೆ ಲೈಟು ಉರಿಯುತ್ತದೆ, ಯುಎಸ್‌ಬಿಯಲ್ಲಿ ಹೆಸರೂ ಕಾಣುತ್ತದೆ, ಹಾಳೆ ಮಾತ್ರ ಎಳೆಯುವುದಿಲ್ಲ. 1018, ಪಿ1007, ಪಿ1008 ಇಟ್ಟುಕೊಂಡವರಿಗೂ ಇದೇ ಮಾತು. ಅದೇ ಪ್ರಶ್ನೆಗೆ ಇನ್ನೊಬ್ಬರು ‘ಎಚ್‌ಪಿ ಯೂನಿವರ್ಸಲ್ ಡ್ರೈವರ್ ಹಾಕಿ, ಎಲ್ಲದಕ್ಕೂ ಆಗುತ್ತೆ’ ಎಂದಿದ್ದಾರೆ. ಎಲ್ಲದಕ್ಕೂ ಆಗಲ್ಲ. ಅದು ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರಿಂಟರ್ ಭಾಷೆ ತಿಳಿಯುವ ಪ್ರಿಂಟರ್‌ಗಳಿಗೆ. 1020ಕ್ಕೆ ಅವೆರಡೂ ತಿಳಿಯಲ್ಲ. ನಿಮಗೆ ಬೇಕಿರುವುದು ಎಚ್‌ಪಿ ಸೈಟ್‌ನಲ್ಲಿ ಈ ಮಾಡೆಲ್ ಹೆಸರಿನಲ್ಲೇ ಇರುವ, ಹೋಸ್ಟ್‌ಬೇಸ್ಡ್ ಪ್ಲಗ್ ಅಂಡ್ ಪ್ಲೇ ಎಂಬ ಡ್ರೈವರ್. ವಿಂಡೋಸ್ 11 ಎಂದು ಬರೆದಿಲ್ಲ ಅಂತ ಬಿಡಬೇಡಿ. ವಿಂಡೋಸ್ 10ರ 64 ಬಿಟ್ ಡ್ರೈವರ್ ಹೆಚ್ಚಿನ ಕಡೆ 11ರಲ್ಲೂ ನಡೆಯುತ್ತದೆ.

ಡ್ರೈವರ್ ಹಾಕುವ ಮೊದಲು ಹಳೇದನ್ನು ಬೇರುಸಹಿತ ತೆಗೆಯಿರಿ. ಸುಮ್ನೆ ‘ರಿಮೂವ್’ ಒತ್ತಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಡ್ರೈವರ್ ಒಳಗೇ ಕೂತಿರುತ್ತದೆ. ಮತ್ತೆ ಕೇಬಲ್ ಚುಚ್ಚಿದ ಕೂಡಲೇ ವಿಂಡೋಸ್ ಅದನ್ನೇ ಎತ್ತಿಕೊಳ್ಳುತ್ತದೆ. ಹಾಗಾಗಿ ಕೇಬಲ್ ಕಿತ್ತು, ಪಟ್ಟಿಯಿಂದ ಪ್ರಿಂಟರ್ ರಿಮೂವ್ ಮಾಡಿ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಸಣ್ಣ ಪೆಟ್ಟಿಗೆಯಲ್ಲಿ ಪ್ರಿಂಟ್‌ಯುಐ ಎಂದು ಕೂಡಿಸಿ ಬರೆದು, ಜಾಗ ಬಿಟ್ಟು ಸ್ಲ್ಯಾಶ್ ಎಸ್, ಮತ್ತೆ ಜಾಗ ಬಿಟ್ಟು ಸ್ಲ್ಯಾಶ್ ಟಿ2 ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಡ್ರೈವರ್‌ಗಳ ಪಟ್ಟಿ ತೆರೆಯುತ್ತದೆ. 1020 ಆರಿಸಿ, ರಿಮೂವ್ ಒತ್ತಿ, ‘ಡ್ರೈವರ್ ಅಂಡ್ ಡ್ರೈವರ್ ಪ್ಯಾಕೇಜ್’ ಎಂಬುದನ್ನು ಆರಿಸಿ. ‘ಬಳಕೆಯಲ್ಲಿದೆ’ ಎಂದು ಜಗ್ಗಾಡಿದರೆ ಸರ್ವಿಸಸ್‌ಗೆ ಹೋಗಿ ಪ್ರಿಂಟ್ ಸ್ಪೂಲರ್ (ಪ್ರಿಂಟ್ ಕೆಲಸಗಳನ್ನು ಸಾಲಾಗಿ ಕಳಿಸುವ ಸೇವೆ) ರೀಸ್ಟಾರ್ಟ್ ಮಾಡಿ, ತಕ್ಷಣ ಮತ್ತೆ ತೆಗೆಯಿರಿ. ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಹೊಸ ಡ್ರೈವರ್ ಹಾಕಿ. ಅದು ಕೇಳಿದಾಗಲೇ ಕೇಬಲ್ ಚುಚ್ಚಿ, ಮೊದಲೇ ಅಲ್ಲ. ಕ್ಯಾನನ್ ಎಲ್‌ಬಿಪಿ 2900 ಇರುವವರಿಗೆ ಈ ಕ್ರಮ ಇನ್ನೂ ಮುಖ್ಯ. ಅದರ ಇನ್‌ಸ್ಟಾಲರ್ ಹೇಳುವ ತನಕ ಪ್ರಿಂಟರ್ ಆಫ್ ಆಗಿಯೇ ಇರಲಿ.

ಡ್ರೈವರ್ ಕೂತ ಮೇಲೂ ‘ಆಫ್‌ಲೈನ್’ ಬಂದರೆ ಪೋರ್ಟ್ ನೋಡಿ. ಕೇಬಲ್ ಬೇರೆ ತೂತಿಗೆ ಚುಚ್ಚಿದಾಗ, ವಿಂಡೋಸ್ ಬದಲಾದಾಗ, ಯುಎಸ್‌ಬಿ001 ಇದ್ದದ್ದು ಯುಎಸ್‌ಬಿ002 ಅಥವಾ 003 ಆಗಿಬಿಡುತ್ತದೆ. ವಿಂಡೋಸ್ ಮಾತ್ರ ಹಳೇ ಪೋರ್ಟಿಗೇ ಪ್ರಿಂಟ್ ಕೆಲಸ ಕಳಿಸುತ್ತಾ ಕೂತಿರುತ್ತದೆ. ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್ ಪುಟಕ್ಕೆ ಹೋಗಿ, ಯುಎಸ್‌ಬಿ ಎಂದು ಇರುವ ಸಾಲುಗಳನ್ನು ಒಂದೊಂದಾಗಿ ಟಿಕ್ ಮಾಡಿ, ಟೆಸ್ಟ್ ಪೇಜ್ ಕೊಡಿ. ಯಾವುದಕ್ಕೆ ಹಾಳೆ ಎಳೆಯಿತೋ ಅದೇ. ‘ಯೂಸ್ ಪ್ರಿಂಟರ್ ಆಫ್‌ಲೈನ್’ ಟಿಕ್ ಆಗಿದ್ದರೆ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್’ ಬಂದ್ ಮಾಡಿ. ಇಲ್ಲದಿದ್ದರೆ ಬಿಲ್ಲು ಪಿಡಿಎಫ್‌ಗೆ ಹೋಗಿ ಕೂತಿರುತ್ತದೆ, ನೀವು ಪ್ರಿಂಟರ್ ಮುಂದೆ ಕಾಯ್ತಾ ಇರ್ತೀರಿ.

ಲೇಬಲ್ ಹೊಡೆಯುವವರು ಟೆಸ್ಟ್ ಪೇಜ್ ಬಂತು ಅಂತ ಖುಷಿಯಲ್ಲಿ ನೇರ ಲೇಬಲ್ ಹಾಳೆ ಹಾಕಬೇಡಿ. ಹೊಸ ಡ್ರೈವರ್ ಹಾಕಿದಾಗ ಕಾಗದದ ಅಳತೆ ಎಷ್ಟೋ ಸಲ ‘ಲೆಟರ್’ ಆಗಿ ಕೂರುತ್ತದೆ. ನಮ್ಮ ಎ4 210 ಇಂಟು 297 ಮಿಲಿಮೀಟರ್. ಲೆಟರ್ 216 ಇಂಟು 279. ಉದ್ದದಲ್ಲಿ 18 ಮಿಲಿಮೀಟರ್ ಕಡಿಮೆ, ಲೇಬಲ್ ಸಾಲು ಜಾರಲು ಇಷ್ಟು ಸಾಕು. ಪ್ರಿಂಟಿಂಗ್ ಪ್ರಿಫರೆನ್ಸಸ್‌ನಲ್ಲಿ ಎ4 ಮಾಡಿ. ಪಿಡಿಎಫ್‌ನಿಂದ ಹೊಡೆಯುವಾಗ ‘ಫಿಟ್’ ಬೇಡ, ‘ಆಕ್ಚುಯಲ್ ಸೈಜ್’ ಇರಲಿ. ಮೊದಲು ಬಿಳಿ ಹಾಳೆಗೆ ಹೊಡೆದು, ಲೇಬಲ್ ಹಾಳೆ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಅಂದಹಾಗೆ, ಲೇಬಲ್‌ನಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಹಾಕಬಹುದಾ ಎಂದು ಒಬ್ಬರು ಕೇಳಿದ್ದರು. ನಮ್ಮ ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ ಸಿಕ್ಕಿದೆ, ಆದರೆ ಅಧಿಕೃತ ಬಳಕೆದಾರ ಎಂದು ನೋಂದಣಿ ಆದವರು ಮಾತ್ರ ಆ ಗುರುತು ಹಾಕಬೇಕು.

ಫಾರ್ಮ್ಯಾಟ್ ಆದ ಕಂಪ್ಯೂಟರ್‌ನಲ್ಲಿ ಇನ್ನೊಂದು ಗೋಳು ಇದೆ, ಬೈಗುಳ ಮಾತ್ರ ಪ್ರಿಂಟರ್‌ಗೆ ಬೀಳುತ್ತದೆ. ಹಳೇ ಲೇಬಲ್ ಫೈಲ್ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅದು ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಮಾಡಿದ ಫೈಲ್, ಫಾರ್ಮ್ಯಾಟ್‌ನಲ್ಲಿ ಆ ಫಾಂಟ್ ಹೋಗಿದೆ. ನುಡಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ‘ತುಂಗಾ’ ಫಾಂಟ್ ಕಾಣದಿದ್ದರೆ ಅದು ವಿಂಡೋಸ್ 11ರಲ್ಲಿ ತಾನಾಗಿ ಇರಲಿಕ್ಕಿಲ್ಲ. ಆಪ್ಷನಲ್ ಫೀಚರ್ಸ್‌ಗೆ ಹೋಗಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹಾಕಿಕೊಳ್ಳಿ. ಪಹಣಿಯಂಥ ಪಿಡಿಎಫ್‌ನಲ್ಲಿ ಪರದೆ ಮೇಲೆ ಕನ್ನಡ ಸರಿ ಇದ್ದು, ಹಾಳೆ ಮೇಲೆ ಒತ್ತಕ್ಷರ ಒಡೆದರೆ, ಅಡೋಬಿ ರೀಡರ್‌ನ ಪ್ರಿಂಟ್ ಪೆಟ್ಟಿಗೆಯಲ್ಲಿ ಅಡ್ವಾನ್ಸ್ಡ್ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ ಟಿಕ್ ಮಾಡಿ. ಸ್ವಲ್ಪ ನಿಧಾನ ಆಗುತ್ತದೆ, ಆದರೆ ಅಕ್ಷರ ಪರದೆ ಮೇಲೆ ಇದ್ದ ಹಾಗೇ ಬರುತ್ತದೆ.

ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಟ್ಟುಕೊಂಡ ದಲಾಲಿ ಅಂಗಡಿಯವರೂ ಈ ಗುಂಪಿನಲ್ಲಿ ಇದ್ದೀರಿ, ನಿಮಗೊಂದು ಮಾತು. ವಿಂಡೋಸ್ ಒಳಗೇ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಎಂಬ ಡ್ರೈವರ್ ಇದೆ. ಇಂಗ್ಲಿಷ್ ಅಕ್ಷರ, ಅಂಕಿಗಳ ಪಟ್ಟಿಗೆ (ಲೆಕ್ಕದ ಚೀಟಿಗೆ) ಅದು ಸಾಕು. ಕನ್ನಡ ಮಾತ್ರ ಅದರಲ್ಲಿ ಬರಲ್ಲ. ಕನ್ನಡ ಪಟ್ಟಿ ಬೇಕಿದ್ದವರು ಕಂಪನಿಯ ಸ್ವಂತ ಡ್ರೈವರೇ ಹುಡುಕಬೇಕು.

ಒಂದು ಕಂಪ್ಯೂಟರ್‌ಗೆ ಪ್ರಿಂಟರ್ ಹಾಕಿ, ಇನ್ನೊಂದರಿಂದ ಶೇರ್ ಮಾಡಿ ಹೊಡೆಯುವವರಿಗೆ ಸಂಖ್ಯೆಯ ಕೊನೆಯಲ್ಲಿ 11ಬಿ ಎಂದಿರುವ ಎರರ್ ಕಾಣಬಹುದು. 2021ರಲ್ಲಿ ಪ್ರಿಂಟ್ ಸ್ಪೂಲರ್‌ನಲ್ಲಿ ದೊಡ್ಡ ಭದ್ರತಾ ದೋಷಗಳು ಸಿಕ್ಕ ಮೇಲೆ ಮೈಕ್ರೋಸಾಫ್ಟ್ ಬಿಗಿ ಮಾಡಿದ್ದರ ಫಲ ಇದು. ಯೂಟ್ಯೂಬ್‌ನಲ್ಲಿ ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳು) ಬದಲಾಯಿಸಿ ಅನ್ನುತ್ತಾರೆ. ಹಾಗೆ ಮಾಡಿದರೆ ಪ್ರಿಂಟ್ ಬರುತ್ತದೆ, ಬೀಗವೂ ತೆಗೆದ ಹಾಗಾಗುತ್ತದೆ. ಎರಡೂ ಕಂಪ್ಯೂಟರ್‌ಗೆ ಪೂರ್ತಿ ಅಪ್‌ಡೇಟ್ ಹಾಕಿ ಮತ್ತೊಮ್ಮೆ ನೋಡಿ. ಆಗದಿದ್ದರೆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಹೊಡೆಯುವುದೇ ವಾಸಿ.

ಡ್ರೈವರ್ ಹುಡುಕುವಾಗ ಜೋಪಾನ. ಗೂಗಲ್‌ನಲ್ಲಿ ಮೊದಲು ಬರುವುದು ಎಷ್ಟೋ ಸಲ ಜಾಹೀರಾತು. ‘ಡ್ರೈವರ್ ಅಪ್‌ಡೇಟರ್’ ಎಂದು ಏನನ್ನೋ ತಲೆಗೆ ಕಟ್ಟುತ್ತಾರೆ, ಇಲ್ಲ ಟೋಲ್ ಫ್ರೀ ನಂಬರ್ ತೋರಿಸುತ್ತಾರೆ. ಆ ನಂಬರ್‌ಗೆ ಫೋನ್ ಮಾಡಿದರೆ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿ ಅನ್ನುತ್ತಾರೆ, ಮುಂದೆ ನಿಮ್ಮ ಬ್ಯಾಂಕ್ ಖಾತೆಗೇ ಕೈ. ಕಂಪನಿಯ ಸೈಟ್ ವಿಳಾಸ ನೀವೇ ಟೈಪ್ ಮಾಡಿ. ಅಕಸ್ಮಾತ್ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲಾ ಮಾಡಿಯೂ ಆಗಲಿಲ್ಲ ಎಂದರೆ ಮೂಲೆಯಲ್ಲಿ ಬಿದ್ದಿರುವ ಹಳೇ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ. ದುಡ್ಡು ಕೊಡಬೇಕಿಲ್ಲ, ಹಳೇ ಯಂತ್ರದಲ್ಲೂ ಓಡುತ್ತದೆ. 1020ಕ್ಕೆ ಲಿನಕ್ಸ್‌ನಲ್ಲಿ ಡ್ರೈವರ್ ಇದೆ. ಎಚ್‌ಪಿಯ ಒಂದು ಪ್ಲಗಿನ್ ಕೇಳುತ್ತದೆ, ನೆಟ್ ಇದ್ದರೆ ತಾನೇ ಇಳಿಸಿಕೊಳ್ಳುತ್ತದೆ. ಅಲ್ಲಿಂದ ಪ್ರಿಂಟರ್ ಶೇರ್ ಮಾಡಿದರೆ ವಿಂಡೋಸ್ 11 ಅದನ್ನು ವೈಫೈ ಪ್ರಿಂಟರ್ ಎಂದೇ ನೋಡುತ್ತದೆ, ತನ್ನೊಳಗಿನ ಡ್ರೈವರ್‌ನಿಂದಲೇ ಹೊಡೆಯುತ್ತದೆ. ಎಆರ್‌ಎಂ ಲ್ಯಾಪ್‌ಟಾಪ್‌ನವರಿಗೂ ಇದೇ ದಾರಿ. ಕ್ಯಾನನ್ 2900ಕ್ಕೆ ಮಾತ್ರ ಲಿನಕ್ಸ್‌ನಲ್ಲಿ ತಲೆನೋವು ಜಾಸ್ತಿ, ಅದಕ್ಕೆ ವಿಂಡೋಸೇ ಇರಲಿ.

ಪ್ರಿಂಟ್ ಬಂದ ದಿನವೇ ಆ ಡ್ರೈವರ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿ ಇಡಿ. ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆ ಎಂದು ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ನಾವೇ ಇಳಿಸಿ ಹಾಕಿಕೊಳ್ಳಲು ಅಡ್ಡಿ ಇಲ್ಲ, ಆದರೆ ಫೈಲ್ ಕೈಯಲ್ಲಿ ಇರಬೇಕಲ್ವಾ. ಪ್ರಿಂಟರ್ ಸೆಟ್ಟಿಂಗ್ಸ್‌ನಲ್ಲಿ ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಎಂದು ಕಂಡರೆ ಆನ್ ಮಾಡಲು ಹೋಗಬೇಡಿ. ಅದು ಆನ್ ಆದರೆ 1020ರಂಥ ಹಳೇ ಪ್ರಿಂಟರ್‌ಗಳ ಡ್ರೈವರ್ ಪೂರ್ತಿ ಹೋಗುತ್ತದೆ. ಅದು ತಾನಾಗಿ ಆಫ್ ಆಗೇ ಇರುತ್ತದೆ, ಹಾಗೇ ಬಿಡಿ.

ಸೇಡಂನವರೇ, ಮೊದಲು ಸಿಸ್ಟಂ ಟೈಪ್ ಸಾಲು ಮತ್ತು ಪೋರ್ಟ್ಸ್ ಪುಟ, ಎರಡರದ್ದೂ ಫೋಟೋ ತೆಗೆದು ಇಲ್ಲೇ ಹಾಕಿ. ಅಂಗಡಿಯವರು ಫಾರ್ಮ್ಯಾಟ್ ಹೊಡೆದರಾ ಇಲ್ಲವಾ ಅದನ್ನೂ ಬರೆಯಿರಿ.