ಮಗಳ ಓದು ದಂಡವಾಯಿತೆ?

ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರ ಪತ್ರ: ‘ಮಗಳನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಕಳಿಸಿ ಎಂ.ಎಸ್ಸಿ. ಓದಿಸಿದೆ. ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಹೊಸನಗರದ ಕಡೆ ಮದುವೆ ಮಾಡಿಕೊಟ್ಟೆವು. ಹೆರಿಗೆಗೆಂದು ಕೆಲಸ ಬಿಟ್ಟವಳು ಮಗುವಿಗೆ ಎರಡು ತುಂಬಿದರೂ ಮನೆಯಲ್ಲೇ ಇದ್ದಾಳೆ. ಇಷ್ಟಕ್ಕೆ ಅಷ್ಟೆಲ್ಲ ಓದಿಸಬೇಕಿತ್ತೆ ಅಂತ ನೆಂಟರು ಕೇಳುತ್ತಾರೆ. ನನಗೂ ಹಾಗೇ ಅನಿಸತೊಡಗಿದೆ.’

ಮಾನ್ಯರೇ, ನೆಂಟರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಓದಿನಿಂದ ಆಗಬೇಕಾದ್ದು ಬಹಳಷ್ಟು ಆಗಿಯೇ ಇದೆ. ಹೆಣ್ಣುಮಕ್ಕಳು ಓದಿದಷ್ಟೂ ಮದುವೆ ಮುಂದಕ್ಕೆ ಹೋಗುತ್ತದೆ. ಮಗು ಯಾವಾಗ, ಎಷ್ಟು ಎಂಬಲ್ಲಿ ಅವರ ಮಾತೂ ನಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶಾಲೆಯ ಮೆಟ್ಟಿಲು ಹತ್ತದ ಹೆಂಗಸರಿಗೆ ಸರಾಸರಿ 2.8 ಮಕ್ಕಳಾದರೆ, 12 ವರ್ಷ ಅಥವಾ ಹೆಚ್ಚು ಓದಿದವರಿಗೆ 1.8. ಒಂದು ಬಾಣಂತನ ಮುಗಿಯುವುದರೊಳಗೆ ಇನ್ನೊಂದು ಬಸಿರು ಹೊರುತ್ತಿದ್ದ ನಮ್ಮ ಅಜ್ಜಿಯಂದಿರನ್ನು ನೆನೆಸಿಕೊಂಡರೆ, ಇದೇನು ಸಣ್ಣ ಬದಲಾವಣೆಯೆ?

ಇನ್ನು ಕೆಲಸದ ವಿಚಾರ. ಆಕೆ ಬಿಟ್ಟಳೋ, ಬಿಡುವಂತೆ ಮಾಡಿದರೋ? 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಬಂತು. ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಆದರೂ ವರ್ಷ ವರ್ಷ ನೇಮಕವಾಗುವ ಕಡೆ, ‘ಹೆರಿಗೆ ಮುಗಿಸಿ ಬನ್ನಿ, ಆಮೇಲೆ ನೋಡೋಣ’ ಎಂದು ಕಳಿಸಿಬಿಡುತ್ತಾರೆ. ತಿರುಗಿ ಬರುವ ಹೊತ್ತಿಗೆ ಆ ಜಾಗದಲ್ಲಿ ಬೇರೆಯವರಿರುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಮನೆಯ ಬೆಳಗನ್ನೂ ನೋಡಿ. ಕೊಯ್ಲಿನ ಕಾಲದಲ್ಲಿ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬರುವಷ್ಟರಲ್ಲಿ ತಿಂಡಿ ಆಗಬೇಕು, ಅಂಗಳದ ಅಡಿಕೆ ಹರವಬೇಕು, ಮಗುವಿಗೆ ರಾಗಿ ಸರಿ ತಿನ್ನಿಸಬೇಕು. ಅತ್ತೆಗೂ ಕೈ ಬಿಡುವಿರುವುದಿಲ್ಲ. ಇದರ ನಡುವೆ ಸೊಸೆ ಗದ್ದೆ ದಾಟಿ ರಸ್ತೆಗೆ ಹೋಗಿ ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಮೊದಲ ಕ್ಲಾಸೂ ತಪ್ಪಿತು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಅಲ್ಲಿಯವರೆಗೆ? ಅಮೆರಿಕದಂಥ ಕಡೆಯೂ ಇದೇ ಕಥೆ. ಗಂಡು–ಹೆಣ್ಣಿನ ಗಳಿಕೆಯ ಅಂತರ ಹೆಚ್ಚಾಗಿ ಮೊದಲ ಮಗುವಿನ ನಂತರ ಬೆಳೆಯುತ್ತದೆ ಎಂದು ಅಲ್ಲಿನ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ತೋರಿಸಿದರು. ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಿಮ್ಮ ಪತ್ರದಲ್ಲಿ ನೆಂಟರ ಮಾತಿದೆ, ನಿಮ್ಮ ಮಾತಿದೆ, ಮಗಳ ಮಾತು ಒಂದೂ ಇಲ್ಲ. ಮೊದಲು ಆಕೆಯನ್ನೇ ಕೇಳಿ. ಮಗು ದೊಡ್ಡದಾಗುವವರೆಗೆ ಮನೆಯಲ್ಲಿರುವ ಇಷ್ಟವಿದ್ದರೆ ಅದಕ್ಕೆ ಯಾರೂ ಹಂಗಿಸುವಂತಿಲ್ಲ. ಹೋಗುವ ಮನಸ್ಸಿದ್ದರೆ ಅಳಿಯಂದಿರನ್ನು ಕೂರಿಸಿಕೊಂಡು ಬೆಳಗಿನ ಕೆಲಸ ಯಾರು ಯಾರು ಹಂಚಿಕೊಳ್ಳುತ್ತೀರಿ ಎಂದು ಕೇಳಿ. ಕಾಲೇಜು ಅಧ್ಯಾಪಕರ ಹುದ್ದೆಗೆ ಅರ್ಹತೆ ಕೊಡುವ ಕೆ–ಸೆಟ್ ಪರೀಕ್ಷೆಗೆ ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಪಿಎಚ್.ಡಿ.ಗೆ ಸೇರಿದರೂ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಹೆರಿಗೆಗೆ, ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯಿದೆ. ಓದಲು ಕೂತಾಗ ಮಗುವನ್ನು ಒಂದಷ್ಟು ದಿನ ನಿಮ್ಮ ಮನೆಗೇ ಕರೆದುಕೊಂಡು ಬನ್ನಿ.